ಬೇಸರ ಬಂದ ದಿನದ ಪಾಠ: ನಕಾರಾತ್ಮಕ ಭಾವನೆಗಳನ್ನು ಅರಿಯುವುದು, ನಿಭಾಯಿಸುವುದು

ಬೋಧನಾಭ್ಯಾಸದ ಮೂರನೆಯ ವಾರ. ರಾಣೆಬೆನ್ನೂರಿನ ಒಂದು ಪ್ರೌಢಶಾಲೆಯಲ್ಲಿ 8ನೇ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದೆ. ಪಾಠಯೋಜನೆ ಅಚ್ಚುಕಟ್ಟಾಗಿತ್ತು. ಇಳಿಜಾರು ಹಲಗೆ, ಮರದ ತುಂಡು, ಮರಳು ಕಾಗದ, ಎಣ್ಣೆ ಬಾಟಲಿ ಎಲ್ಲವನ್ನೂ ಹಾವೇರಿಯಿಂದ ಚೀಲದಲ್ಲಿ ಹೊತ್ತುಕೊಂಡು ಹೋಗಿದ್ದೆ. ಹದಿನೈದು ನಿಮಿಷ ಆಗುವಷ್ಟರಲ್ಲಿ ತರಗತಿ ಕೈಬಿಟ್ಟು ಹೋಯಿತು. ಎಣ್ಣೆ ಚೆಲ್ಲಿತು, ಹಿಂದಿನ ಬೆಂಚಿನವರು ನಕ್ಕರು, ನನ್ನ ಧ್ವನಿ ನನಗೇ ಕೇಳದಂತಾಯಿತು. ಪರಿವೀಕ್ಷಕರು ದಾಖಲೆ ಪುಸ್ತಕದಲ್ಲಿ ಬರೆದದ್ದು ಮೂರೇ ಮಾತು: ತರಗತಿಯ ಮೇಲೆ ಹಿಡಿತ ಸಾಲದು, ಧ್ವನಿ ಕ್ಷೀಣ, ಉದ್ದೇಶ ಈಡೇರಿಲ್ಲ. ಅವರು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ.

ತಪ್ಪು ಮಾಡಿದ್ದು ನಾನು, ಅದೂ ಅದಾದ ಮೇಲೆ. ಒಬ್ಬ ಹುಡುಗ ಸತತ ಮೂರು ದಿನ ಮನೆಗೆಲಸ ಬರೆದಿರಲಿಲ್ಲ. ಅವನನ್ನು ಎಬ್ಬಿಸಿ ನಿಲ್ಲಿಸಿ, "ಓದೋ ಮನಸ್ಸಿಲ್ಲ ಅಂದ್ರ ಮನಿಯಾಗ ಇರು, ಇಲ್ಲಿಗ್ಯಾಕ ಬರ್ತಿ?" ಎಂದೆ. ಅವನು ತಲೆ ಎತ್ತಲಿಲ್ಲ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಆ ವಾರ ಹಾವೇರಿಯ ವಸತಿನಿಲಯದಲ್ಲಿ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೇ ಹೆಚ್ಚು. ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಮನೆಯಿಂದ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಬೆಳಗಿನ ಮೂರಕ್ಕೆ ಎಚ್ಚರವಾಗಿ, ನಾನು ಶಿಕ್ಷಕಿಯಾಗಲು ಲಾಯಕ್ಕಿಲ್ಲ ಎಂಬ ಒಂದೇ ಮಾತನ್ನು ಮೆಲುಕು ಹಾಕುತ್ತಿದ್ದೆ. ಬೋಧನಾಭ್ಯಾಸದ ದಿನಗಳಲ್ಲಿ ಇಂಥ ವಾರ ನಮ್ಮಲ್ಲಿ ಹಲವರಿಗೆ ಬರುತ್ತದೆ ಎಂಬುದು ಸಹಪಾಠಿಗಳ ಜೊತೆ ಮಾತಾಡಿದ ಮೇಲೆ ತಿಳಿಯಿತು. ಮಕ್ಕಳ ಮನಸ್ಸಿನ ಬಗ್ಗೆ ನಾವು ಒಂದು ಇಡೀ ಪತ್ರಿಕೆಯನ್ನು ಓದುತ್ತೇವೆ, ನಮ್ಮ ಮನಸ್ಸಿನ ಬಗ್ಗೆ ಮಾತಾಡುವುದು ಕಡಿಮೆ. ಆದ್ದರಿಂದ ಆ ವಾರದಲ್ಲಿ ಮತ್ತು ಅದರ ನಂತರ ಓದಿ, ಕೇಳಿ, ಮಾಡಿ ನೋಡಿ ತಿಳಿದದ್ದನ್ನು ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಭಾವನೆಗಳಿಗೂ ಕೆಲಸವಿದೆ

ಬೇಸರ, ಭಯ, ಸಿಟ್ಟು, ನಾಚಿಕೆ, ಅಪರಾಧಿ ಭಾವ ಇವನ್ನೆಲ್ಲ ನಾವು 'ನಕಾರಾತ್ಮಕ' ಎಂದು ಕರೆಯುತ್ತೇವೆ. ಹಾಗೆ ಕರೆದ ಕೂಡಲೇ ಅವು ಇರಲೇಬಾರದ ವಸ್ತುಗಳು ಎನ್ನಿಸಿಬಿಡುತ್ತದೆ. ನಿಜವಾಗಿ ಪ್ರತಿಯೊಂದಕ್ಕೂ ಒಂದು ಕೆಲಸವಿದೆ. ಭಯ ಅಪಾಯದ ಸೂಚನೆ ಕೊಡುತ್ತದೆ. ಸಿಟ್ಟು, ಅನ್ಯಾಯವಾಗಿದೆ ಎಂದು ಹೇಳುತ್ತದೆ. ಅಪರಾಧಿ ಭಾವ ಹರಿದ ಸಂಬಂಧವನ್ನು ಹೊಲಿಯಲು ತಳ್ಳುತ್ತದೆ. ದುಃಖ ಏನನ್ನೋ ಕಳೆದುಕೊಂಡಾಗ ನಮ್ಮನ್ನು ನಿಧಾನಗೊಳಿಸುತ್ತದೆ. ನಮ್ಮ ಮುಖ ನೋಡಿದವರು ಹತ್ತಿರ ಬಂದು ಕೂರುವಂತೆ ಮಾಡುತ್ತದೆ.

ಒಂದು ಭಾವನೆ ಇನ್ನೊಂದರ ಹಿಂದೆ ಅಡಗಿರುವುದೂ ಉಂಟು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬೆಲೆ ಏಕಾಏಕಿ ಕುಸಿದಾಗ ರೈತರ ಆಕ್ರೋಶ ವಾಹನಗಳಿಗೆ ಬೆಂಕಿ ಹಚ್ಚುವವರೆಗೆ ಹೋಯಿತು. ಊರ ಹೊರಗಿನವರಿಗೆ ಕಂಡದ್ದು ಸಿಟ್ಟು ಮತ್ತು ಹೊಗೆ. ಮೆಣಸಿನಕಾಯಿ ಬೆಳೆಯುವ ಮನೆಯಲ್ಲಿ ಹುಟ್ಟಿದ ನನಗೆ ಅದರ ಹಿಂದಿನದೂ ಕಂಡಿತು: ಒಂದು ವರ್ಷದ ದುಡಿಮೆ ಒಂದು ಬೆಳಗಿನಲ್ಲಿ ಅರ್ಧಕ್ಕಿಳಿದಾಗ ಆಗುವ ಸಂಕಟ, ಸಾಲ ಕೊಟ್ಟವರ ಮುಂದೆ ಹೇಗೆ ನಿಲ್ಲಲಿ ಎಂಬ ಅಂಜಿಕೆ. ಬೆಂಕಿ ಹಚ್ಚಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಸಿಟ್ಟನ್ನು ಮಾತ್ರ ನೋಡಿದವರಿಗೆ ಸಂಕಟ ಕಾಣುವುದಿಲ್ಲ ಎನ್ನುತ್ತಿದ್ದೇನೆ. ತರಗತಿಯಲ್ಲಿಯೂ ಹೀಗೆಯೇ. ಮನೆಗೆಲಸ ಬರೆಯದ ಹುಡುಗನಲ್ಲಿ ನಮಗೆ ಕಾಣುವುದು ಉದಾಸೀನ. ಅದರ ಹಿಂದೆ ಏನಿದೆ ಎಂದು ಕೇಳುವವರು ಕಡಿಮೆ.

ಹೆಸರಿಟ್ಟು ನೋಡುವುದು

ನಮ್ಮ ಭಾಗದ ಮಾತಿನಲ್ಲಿ ಮನಸ್ಸಿನ ಸ್ಥಿತಿಗೆ ಎಷ್ಟೊಂದು ಹೆಸರುಗಳಿವೆ! ಬ್ಯಾಸರಕಿ, ಹಳಹಳಿ, ಕಳವಳ, ಸಂಕಟ, ಅಂಜಿಕೆ, ಅಳುಕು, ಚಿಂತಿ, ಉರಿ. ಆದರೂ ಯಾರಾದರೂ ಕೇಳಿದರೆ "ಏನಿಲ್ರಿ, ಹಂಗ ಸುಮ್ನ ಬ್ಯಾಸರ" ಎಂದು ಒಂದೇ ಶಬ್ದದಲ್ಲಿ ಎಲ್ಲವನ್ನೂ ಕಟ್ಟಿಬಿಡುತ್ತೇವೆ.

2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಭಾವನೆ ತುಂಬಿದ ಮುಖಗಳ ಚಿತ್ರ ನೋಡಿ ಆ ಭಾವನೆಯ ಹೆಸರನ್ನು ಆರಿಸಿದಾಗ, ಮಿದುಳಿನಲ್ಲಿ ಅಪಾಯಕ್ಕೆ ಚುರುಕಾಗುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು. ಹಣೆಯ ಹಿಂಭಾಗದಲ್ಲಿ ವಿಚಾರಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆ ಏರಿತು. ಹೆಸರಿಡುವುದೇ ಔಷಧ ಎಂದು ಇದರ ಅರ್ಥವಲ್ಲ. ಹೆಸರಿಟ್ಟರೆ ಭಾವನೆಯನ್ನು ಸ್ವಲ್ಪ ದೂರದಲ್ಲಿಟ್ಟು ನೋಡಲು ಬರುತ್ತದೆ.

ನಾನು ಪಾಠಯೋಜನೆಯ ಹಿಂಬದಿಯಲ್ಲಿ ಬರೆದು ನೋಡಿದೆ. ನನ್ನ 'ಬ್ಯಾಸರ'ದಲ್ಲಿ ಮೂರು ಸಂಗತಿಗಳಿದ್ದವು. ಪರಿವೀಕ್ಷಕರ ಮಾತಿನಿಂದ ನಾಚಿಕೆ. ಆ ಹುಡುಗನಿಗೆ ಅಂದ ಮಾತಿಗೆ ಹಳಹಳಿ. ಮುಂದಿನ ಪಾಠದ ಅಂಜಿಕೆ. ಮೂರಕ್ಕೂ ಮದ್ದು ಬೇರೆ ಬೇರೆ. ಅಂಜಿಕೆಗೆ ತಯಾರಿ ಬೇಕು, ಹಳಹಳಿಗೆ ಕ್ಷಮೆ ಕೇಳುವುದು ಬೇಕು, ನಾಚಿಕೆಗೆ ಯಾರೊಂದಿಗಾದರೂ ಬಾಯಿಬಿಟ್ಟು ಹೇಳುವುದು ಬೇಕು. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊತ್ತುಕೊಂಡಿದ್ದಕ್ಕೆ ಅದು ಅಷ್ಟು ಭಾರವಾಗಿತ್ತು.

ಮೆಣಸಿನಕಾಯಿ ಕಲಿಸುವ ಪಾಠ

ವಿಜ್ಞಾನ ಓದಿದವರಿಗೆ ಒಂದು ಉದಾಹರಣೆ. ಮೆಣಸಿನಕಾಯಿ ತಿಂದಾಗ ಬಾಯಿ ಸುಡುತ್ತದೆ. ಆದರೆ ನಾಲಿಗೆಯ ಉಷ್ಣತೆ ಅಳೆದರೆ ಸುಡುವಷ್ಟು ಏರಿರುವುದಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ, ನರಗಳ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಈ ಗ್ರಾಹಕ ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖವನ್ನು ಗುರುತಿಸಲು ಇರುವಂಥದ್ದು. ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಕಂಡುಹಿಡಿಯಿತು. ಅವರಿಗೆ 2021ರ ನೊಬೆಲ್ ಪ್ರಶಸ್ತಿ ಬಂತು. ಅಂದರೆ ಉರಿ ನಿಜ, ಕಣ್ಣೀರು ನಿಜ. ಬೆಂಕಿ ಮಾತ್ರ ಇಲ್ಲ.

ಕುಗ್ಗಿದ ಮನಸ್ಸಿನ ಯೋಚನೆಗಳೂ ಅನೇಕ ಸಲ ಹೀಗೆಯೇ. ನೋವು ನಿಜ, ಅದನ್ನು 'ನಾಟಕ' ಎನ್ನುವುದು ತಪ್ಪು. ಆದರೆ ಆ ನೋವು ಹೊತ್ತು ತಂದ ಸುದ್ದಿ, 'ನೀನು ಯಾವುದಕ್ಕೂ ಬೇಡ' ಎಂಬ ಸುದ್ದಿ, ನಿಜವೇ ಎಂದು ಪರೀಕ್ಷಿಸಿ ನೋಡಬೇಕು.

ಇನ್ನೊಂದು ಮಾತು. ಖಾರ ತಿಂದವರು ನೀರು ಕುಡಿದರೆ ಉರಿ ಅಷ್ಟಾಗಿ ಇಳಿಯುವುದಿಲ್ಲ, ಏಕೆಂದರೆ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು ಮೊಸರು ಇಳಿಸುತ್ತವೆ. "ಚಿಂತಿ ಮಾಡಬ್ಯಾಡ", "ಗಟ್ಟಿ ಆಗು", "ನಿನಗಿಂತ ಕಷ್ಟದಾಗ ಇದ್ದೋರು ಎಷ್ಟ್ ಮಂದಿ ಅದಾರ" ಎಂಬ ಸಮಾಧಾನಗಳು ಆ ನೀರಿನಂತೆ. ಕೊಟ್ಟವರ ಮನಸ್ಸು ಒಳ್ಳೆಯದು, ಉರಿ ಇಳಿಯುವುದಿಲ್ಲ.

ಯೋಚನೆ, ದೇಹ, ನಡತೆ: ಒಂದು ಗಾಣ

1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಯ ರೋಗಿಗಳ ಮಾತನ್ನು ಗಮನವಿಟ್ಟು ಕೇಳಿ, ಅವರಲ್ಲಿ ತಮ್ಮ ಬಗ್ಗೆ, ಜಗತ್ತಿನ ಬಗ್ಗೆ, ಮುಂದಿನ ದಿನಗಳ ಬಗ್ಗೆ ತಾನಾಗಿ ಏಳುವ ಕಹಿ ಯೋಚನೆಗಳನ್ನು ಗುರುತಿಸಿದರು. ಯೋಚನೆ ಭಾವನೆಯನ್ನು ಕುಗ್ಗಿಸುತ್ತದೆ, ಭಾವನೆ ದೇಹವನ್ನು ದಣಿಸುತ್ತದೆ, ದಣಿದ ದೇಹ ಮೂಲೆ ಸೇರುತ್ತದೆ, ಮೂಲೆ ಸೇರಿದವನಿಗೆ ಮತ್ತಷ್ಟು ಕಹಿ ಯೋಚನೆ ಬರುತ್ತದೆ. ಗಾಣದ ಎತ್ತಿನಂತೆ ಸುತ್ತು ಮುಗಿಯುವುದೇ ಇಲ್ಲ. ನನ್ನ ವಾರವನ್ನು ಇದರಲ್ಲಿಟ್ಟು ನೋಡಿದೆ. ಪಾಠ ಕೆಟ್ಟಿತು, ಲಾಯಕ್ಕಿಲ್ಲ ಎಂದುಕೊಂಡೆ, ನಿದ್ದೆ ಕೆಟ್ಟಿತು, ಫೋನ್ ಎತ್ತಲಿಲ್ಲ, ಒಬ್ಬಳೇ ಉಳಿದೆ, ಮತ್ತೆ ಅದೇ ಮಾತು.

ಗಾಣ ತಿರುಗುತ್ತಿದ್ದರೂ ಒಂದು ಸಮಾಧಾನವಿದೆ: ಅದನ್ನು ಯಾವ ಕಡೆಯಿಂದ ಹಿಡಿದರೂ ನಿಲ್ಲಿಸಬಹುದು.

ಯೋಚನೆಯ ಕಡೆಯಿಂದ ಹಿಡಿಯುವುದಾದರೆ, ನಡೆದದ್ದನ್ನೂ ನಾವು ತೆಗೆದ ತೀರ್ಮಾನವನ್ನೂ ಬೇರೆ ಬೇರೆ ಬರೆಯಬೇಕು. 'ಹದಿನೈದನೇ ನಿಮಿಷಕ್ಕೆ ಎಣ್ಣೆ ಚೆಲ್ಲಿ ತರಗತಿ ಗದ್ದಲವಾಯಿತು' ಎಂಬುದು ನಡೆದದ್ದು. 'ನಾನು ಲಾಯಕ್ಕಿಲ್ಲ' ಎಂಬುದು ತೀರ್ಮಾನ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆ ತೆಗೆದು ಫಲಿತಾಂಶ ಬರೆದರೆ ನಮ್ಮ ಉಪನ್ಯಾಸಕರು ದಾಖಲೆ ಪುಸ್ತಕ ಹಿಂದಕ್ಕೆ ಕೊಡುತ್ತಿದ್ದರು. ಮೂರು ಸಲ ಅಳೆ, ಸರಾಸರಿ ತೆಗೆ ಎನ್ನುತ್ತಿದ್ದರು. ನಾನು ಒಂದೇ ಪಾಠದ ಮೇಲೆ ಇಡೀ ಬದುಕಿನ ಫಲಿತಾಂಶ ಬರೆದುಬಿಟ್ಟಿದ್ದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎಲ್ಲ ಕಹಿ ಯೋಚನೆಯೂ ಸುಳ್ಳಲ್ಲ. ಬೆಲೆ ಬಿದ್ದದ್ದು, ಸಾಲ ಉಳಿದದ್ದು ಯೋಚನೆಯ ದೋಷವಲ್ಲ. ಅಂಥವರಿಗೆ 'ಬೇರೆ ರೀತಿ ಯೋಚಿಸು' ಎನ್ನುವುದು ಕ್ರೌರ್ಯ. ಅಲ್ಲಿ ಬೇಕಾದದ್ದು ಲೆಕ್ಕ ಹಾಕಿ ದಾರಿ ಹುಡುಕಲು ಜೊತೆಗೊಬ್ಬರು.

ಸಣ್ಣ ಕೆಲಸದ ದೊಡ್ಡ ಗುಣ

ನಡತೆಯ ಕಡೆಯಿಂದ ಹಿಡಿಯುವುದು ಇನ್ನೂ ಸುಲಭ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆ ಎಂದು ನಾವು ಕಾಯುತ್ತೇವೆ. ಆದರೆ ಕೆಲಸ ಮಾಡುತ್ತಾ ಹೋದರೆ ಮನಸ್ಸು ಹಿಂದಿನಿಂದ ಬರುತ್ತದೆ ಎಂಬುದು ಚಿಕಿತ್ಸಕರ ಅನುಭವ. ನಮ್ಮ ಪಕ್ಕದ ಗೋವಾದಲ್ಲಿ ಸಂಗಾತ್ ಸಂಸ್ಥೆ ಇದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಿತು. ತೀವ್ರ ಖಿನ್ನತೆಯಿದ್ದವರ ಜೊತೆ, ವೈದ್ಯರಲ್ಲದ ಆದರೆ ತರಬೇತಿ ಪಡೆದ ಸ್ಥಳೀಯ ಸಲಹೆಗಾರರು 6ರಿಂದ 8 ಸಲ ಕುಳಿತು, ದಿನದ ಚಿಕ್ಕ ಕೆಲಸಗಳನ್ನು ಮತ್ತೆ ಆರಂಭಿಸಲು ನೆರವಾದರು. ಈ ನೆರವು ಪಡೆದವರು, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಹೆಚ್ಚು ಚೇತರಿಸಿಕೊಂಡರು. 2016ರಲ್ಲಿ ಇದರ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ನಾನು ಮಾಡಿಕೊಂಡ ಪಟ್ಟಿ ಹೀಗಿತ್ತು:

1. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಮಡಿಸುವುದು. ಮತ್ತೆ ಮಲಗುವ ದಾರಿ ಮುಚ್ಚುತ್ತದೆ.
2. ಸಂಜೆ ಇಪ್ಪತ್ತು ನಿಮಿಷ ಹೆಗ್ಗೇರಿ ಕೆರೆಯ ಕಡೆಗೆ ನಡೆಯುವುದು, ಫೋನ್ ಕೋಣೆಯಲ್ಲಿ ಬಿಟ್ಟು.
3. ಹಸಿವಿರಲಿ ಬಿಡಲಿ, ಊಟದ ಹೊತ್ತಿಗೆ ಎಲ್ಲರ ಜೊತೆ ಕೂರುವುದು.
4. ದಿನಕ್ಕೊಮ್ಮೆ ಅವ್ವನಿಗೆ ಫೋನ್ ಮಾಡುವುದು. ಹೇಳಲು ಏನಿಲ್ಲದಿದ್ದರೆ ಊರಿನ ಸುದ್ದಿ ಕೇಳುವುದು.
5. ಮೆಲುಕು ಶುರುವಾದರೆ ಎದ್ದು ಕೈಗೆ ಕೆಲಸ ಕೊಡುವುದು: ಬಟ್ಟೆ ಒಗೆಯುವುದು, ಬೋಧನೋಪಕರಣ ಮಾಡುವುದು.

ಮೊದಲ ಮೂರು ದಿನ ಇದರಿಂದ ಏನೂ ಆದಂತೆ ಅನ್ನಿಸಲಿಲ್ಲ. ನಾಲ್ಕನೆಯ ದಿನ ರಾತ್ರಿ ನಿದ್ದೆ ಬಂತು. ಅಷ್ಟೇ ಬದಲಾವಣೆ. ನಿದ್ದೆ ಬಂದದ್ದಕ್ಕೆ ಮರುದಿನ ಮಾತಾಡುವ ಧೈರ್ಯ ಬಂತು.

ಹುಡುಗನ ಮನೆಗೆ

ಆ ಧೈರ್ಯದಲ್ಲಿ ಮಾರ್ಗದರ್ಶಕ ಶಿಕ್ಷಕರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, "ನಡೀರಿ, ಅವನ ಮನಿಗೆ ಹೋಗಿ ಬರೋಣು" ಎಂದರು.

ಹುಡುಗ ಕಟ್ಟೆಯ ಮೇಲೆ ಕುಳಿತಿದ್ದ. ಅಪ್ಪ ಒಳಗೆ ಮಲಗಿದ್ದರು. ತಾಯಿ ಕೂಲಿಗೆ ಹೋಗಿದ್ದರು. ಮೆಣಸಿನಕಾಯಿಗೆ ಮಾಡಿದ ಸಾಲ ಹಾಗೇ ಉಳಿದಿತ್ತು. ಅಪ್ಪ ಒಂದು ತಿಂಗಳಿಂದ ಹೊಲಕ್ಕೆ ಹೋಗಿಲ್ಲ, ಸರಿಯಾಗಿ ಉಂಡಿಲ್ಲ, ಯಾರ ಜೊತೆಗೂ ಮಾತಿಲ್ಲ. "ಅಪ್ಪನ್ನ ಒಬ್ಬನ್ನ ಬಿಡಬ್ಯಾಡ ಅಂದಾಳ್ರಿ ಅವ್ವ. ಅದಕ ಸಾಲಿಗೆ ಬಂದಿಲ್ರಿ ಮಿಸ್" ಎಂದ ಹುಡುಗ.

ಹದಿಮೂರು ವರ್ಷದ ಮಗು ಅಪ್ಪನನ್ನು ಕಾಯುತ್ತಾ ಕುಳಿತಿತ್ತು. ಅದಕ್ಕೆ ನಾನು 'ಮನಿಯಾಗ ಇರು' ಎಂದಿದ್ದೆ. ಅಲ್ಲಿಯೇ ಅವನ ಕ್ಷಮೆ ಕೇಳಿದೆ. ಅವನು "ಇರ್ಲಿ ಬಿಡ್ರಿ" ಎಂದ, ದೊಡ್ಡವರಂತೆ.

ಬೇಸರ ಎಲ್ಲಿ ಮುಗಿಯುತ್ತದೆ, ಖಿನ್ನತೆ ಎಲ್ಲಿ ಶುರುವಾಗುತ್ತದೆ

ನನ್ನದು ಬೇಸರ. ಆ ತಂದೆಯದು ಅದಕ್ಕಿಂತ ಮುಂದೆ ಹೋಗಿತ್ತು. ಈ ವ್ಯತ್ಯಾಸ ಶಿಕ್ಷಕರಿಗೆ ಗೊತ್ತಿರಲೇಬೇಕು. ಬೇಸರ ಬಂದು ಹೋಗುತ್ತದೆ, ನಡುವೆ ಒಂದು ನಗು, ಒಂದು ಒಳ್ಳೆಯ ಸಂಜೆ ಇರುತ್ತದೆ. ಆದರೆ ದಿನದ ಬಹುಪಾಲು ಹೊತ್ತು ಕುಗ್ಗಿದ ಮನಸ್ಸು, ಇಲ್ಲವೆ ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ, ಅದರ ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆಗಳಲ್ಲಿ ಏರುಪೇರು, ತಾನು ನಿಷ್ಪ್ರಯೋಜಕ ಎಂಬ ಭಾವ, ಇವು ಎರಡು ವಾರಕ್ಕಿಂತ ಹೆಚ್ಚು ಉಳಿದು ದಿನದ ಕೆಲಸಕ್ಕೆ ಅಡ್ಡಿಯಾದರೆ ವೈದ್ಯರನ್ನು ಕಾಣಬೇಕು. ಬದುಕು ಸಾಕು ಎಂಬ ಮಾತು ಬಂದರೆ ಎರಡು ವಾರ ಕಾಯುವಂತಿಲ್ಲ. ಅಂದೇ ಕಾಣಬೇಕು, ಅಲ್ಲಿಯವರೆಗೆ ಅವರನ್ನು ಒಬ್ಬರನ್ನೇ ಬಿಡಬಾರದು. ಹರೆಯದ ಮಕ್ಕಳಲ್ಲಿ ಖಿನ್ನತೆ ಅಳುವಿನ ರೂಪದಲ್ಲಿ ಮಾತ್ರವಲ್ಲ, ಸಿಡಿಮಿಡಿ, ತಲೆನೋವು, ಹೊಟ್ಟೆನೋವು, ಗೈರುಹಾಜರಿ, ಅಂಕಗಳ ಕುಸಿತದ ರೂಪದಲ್ಲಿಯೂ ಕಾಣಿಸಬಹುದು.

ಇದು ಅಪರೂಪದ ಕಾಯಿಲೆಯಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಜನರಿಗೆ ಒಬ್ಬರು ಜೀವನದ ಯಾವುದೋ ಹಂತದಲ್ಲಿ ಖಿನ್ನತೆ ಅನುಭವಿಸಿದ್ದಾರೆ. ಬಹುಪಾಲು ಜನ ಚಿಕಿತ್ಸೆಯ ಹತ್ತಿರಕ್ಕೂ ಹೋಗಿರುವುದಿಲ್ಲ.

ಹೋಗದಿರಲು ಒಂದು ಕಾರಣ ನಮ್ಮ ಮಾತೇ. "ಇವನ್ನ ಧಾರವಾಡಕ್ಕ ಕಳಸ್ಬೇಕು" ಎಂದು ನಮ್ಮ ಕಡೆ ನಗೆಯಾಡುತ್ತಾರೆ. ಧಾರವಾಡದ ಆ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನಲ್ಲಿ ಚಿಕಿತ್ಸೆ ಕೊಡುವ, ತಜ್ಞರನ್ನು ತಯಾರಿಸುವ ಸಂಸ್ಥೆ. ಅಲ್ಲಿ ಹೊರರೋಗಿಯಾಗಿ ತೋರಿಸಿಕೊಂಡು ಅಂದೇ ಮನೆಗೆ ಮರಳುವವರು ಬಹಳ. ಅಷ್ಟು ದೂರ ಹೋಗಲೇಬೇಕೆಂದೂ ಇಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಆಗ ನಮ್ಮ ನೆರೆಯದಾಗಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯನ್ನೂ ರಾಜ್ಯ ಮಾಡಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ನಾವು ಏನು ಮಾಡಬಹುದು, ಏನು ಮಾಡಬಾರದು

ಶಿಕ್ಷಕರು ಮನೋವೈದ್ಯರಲ್ಲ. ರೋಗದ ಹೆಸರು ಹೇಳುವುದು, ಮಾತ್ರೆ ಸೂಚಿಸುವುದು, ಬಂದಿರುವ ಮಾತ್ರೆ ನಿಲ್ಲಿಸು ಎನ್ನುವುದು ನಮ್ಮ ಕೆಲಸವಲ್ಲ. ನಮ್ಮ ಕೆಲಸ ನೋಡುವುದು, ಕೇಳುವುದು, ದಾರಿ ತೋರಿಸುವುದು. ಬದಲಾದ ಮಗುವನ್ನು ತರಗತಿಯ ಮುಂದೆ ಪ್ರಶ್ನಿಸದೆ, ಬಿಡುವಿನ ಹೊತ್ತಿನಲ್ಲಿ ಪಕ್ಕಕ್ಕೆ ಕರೆದು, "ನಾಲ್ಕು ದಿನದಿಂದ ನೀ ಮೊದಲಿನಂಗ ಇಲ್ಲ, ಏನಾಗೇತಿ?" ಎಂದು ಕೇಳಬೇಕು. ಕೇಳಿ ಸುಮ್ಮನಾಗಬೇಕು. ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನೆ ಕೇಳಿದ ಮೇಲೆ ಕಾಯಲು ನಮಗೆ ಕಲಿಸಿದ್ದಾರಲ್ಲ, ಆ ಕಾಯುವಿಕೆ ಇಲ್ಲಿ ಇನ್ನೂ ಹೆಚ್ಚು ಬೇಕು. ಮಗು ಹೇಳಿದ್ದನ್ನು ಸಿಬ್ಬಂದಿ ಕೋಣೆಯ ಚಹಾದ ಜೊತೆ ಹಂಚಬಾರದು. ಆದರೆ ಯಾರದಾದರೂ ಜೀವಕ್ಕೆ ಅಪಾಯವಿದೆ ಎನ್ನಿಸಿದರೆ ಗುಟ್ಟು ಇಡುತ್ತೇನೆ ಎಂದು ಮಾತು ಕೊಡಬಾರದು. ಮುಖ್ಯೋಪಾಧ್ಯಾಯರಿಗೆ, ಮನೆಯವರಿಗೆ ಅಂದೇ ತಿಳಿಸಬೇಕು.

ಅಂದು ಮಾರ್ಗದರ್ಶಕ ಶಿಕ್ಷಕರು ಒಳಗೆ ಹೋಗಿ ಆ ತಂದೆಯ ಪಕ್ಕದಲ್ಲಿ ಕುಳಿತರು. ಸಾಲದ ಬಗ್ಗೆಯಾಗಲಿ ಧೈರ್ಯದ ಬಗ್ಗೆಯಾಗಲಿ ಮಾತಾಡಲಿಲ್ಲ. "ನಿದ್ದಿ ಬರ್ತೈತೇನ್ರಿ?" ಎಂದು ಕೇಳಿದರು. ಬಹಳ ಹೊತ್ತಿನ ಮೇಲೆ ಅವರು ಇಲ್ಲವೆಂದು ತಲೆಯಾಡಿಸಿದರು. ಸಂಜೆ ತಾಯಿ ಬರುವವರೆಗೂ ನಾವು ಅಲ್ಲಿಯೇ ಇದ್ದೆವು. ಮರುದಿನ ಅವರ ತಮ್ಮ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು.

ಸಾಲ ಇನ್ನೂ ತೀರಿಲ್ಲ. ಮಾತ್ರೆ ಶುರುವಾಗಿ ಕೆಲವು ವಾರಗಳಾದ ಮೇಲೆ ಅವರು ಹೊಲದ ಬದುವಿನವರೆಗೆ ಹೋಗಿ ಬರತೊಡಗಿದ್ದಾರೆ ಎಂದು ಹುಡುಗ ಹೇಳಿದ. ಅವನು ಶಾಲೆಗೆ ಬರುತ್ತಿದ್ದಾನೆ. ಬೋಧನಾಭ್ಯಾಸದ ಕೊನೆಯ ವಾರ ನಾನು ಘರ್ಷಣೆಯ ಪಾಠವನ್ನು ಮತ್ತೊಮ್ಮೆ ಮಾಡಿದೆ. ಈ ಸಲ ಎಣ್ಣೆ ಬಾಟಲಿಯನ್ನು ಅವನ ಕೈಗೆ ಕೊಟ್ಟೆ. ಒಂದು ಹನಿಯೂ ಚೆಲ್ಲಲಿಲ್ಲ. ದಾಖಲೆ ಪುಸ್ತಕದಲ್ಲಿ, ಧ್ವನಿ ಇನ್ನೂ ಸುಧಾರಿಸಬೇಕು ಎಂದಿದೆ. ಸುಧಾರಿಸುತ್ತಿದ್ದೇನೆ.